ಬಿಸಿನೀರಿನ ನಳಿಕೆಯ ಟಕ್ ಟಕ್

ದೆವ್ವ, ಮುನ್ಸೂಚನೆ, ಟೆಲಿಪಥಿ ಎಂದವರನ್ನೆಲ್ಲ ಬಾಯಿತುಂಬ ಗೇಲಿ ಮಾಡಿದವಳು ನಾನು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನೆರೂಳಿನ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಸಾವಯವ ಆಮ್ಲಗಳನ್ನೂ ಅವುಗಳ ಲವಣಗಳನ್ನೂ ನೀರಿನಲ್ಲಿ ಕರಗಿಸಿ, ಆ ದ್ರಾವಣ ಬಿಸಿಯಾಗಲು ಎಷ್ಟು ಶಾಖ ಬೇಡುತ್ತದೆಂದು ಅಳೆಯುವುದು ನನ್ನ ಕೆಲಸ. ನೀರು ಬಿಸಿಯಾದಷ್ಟೂ ರಗಳೆ ಹೆಚ್ಚು. ದ್ರಾವಣ ಹರಿಯುವ ಲೋಹದ ನಳಿಕೆಯಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ಸಿಕ್ಕಿಕೊಂಡರೂ ಯಂತ್ರದ ಪರದೆಯ ಮೇಲಿನ ಗೆರೆ ಕುಣಿಯತೊಡಗುತ್ತದೆ, ರೀಡಿಂಗ್ ದಂಡ. ಆಗ ನನ್ನ ಗೈಡ್, ಉಡುಪಿ ಕಡೆಯ ಮೇಡಂ, ನಳಿಕೆಗೆ ಉಗುರಿನಿಂದ ಹೊಡೆಯುತ್ತಿದ್ದರು. ಟಕ್ ಟಕ್, ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಗುಳ್ಳೆ ಹೊರಟುಹೋಗುತ್ತಿತ್ತು. ನಮ್ಮ ಉಗುರಿಗೆ ಅದು ಬಗ್ಗುತ್ತಲೇ ಇರಲಿಲ್ಲ.

ಆ ವರ್ಷ ಮೇಡಂ ಮೆದುಳಿನಲ್ಲಿ ರಕ್ತಸ್ರಾವವಾಗಿ ಥಾಣೆಯ ಆಸ್ಪತ್ರೆ ಸೇರಿದರು. ಪ್ರಜ್ಞೆ ಮರಳಲಿಲ್ಲ. ಡಾಕ್ಟರುಗಳು ಯಾವ ಭರವಸೆಯನ್ನೂ ಕೊಡಲಿಲ್ಲ. ಮೇಡಂ ಬರುವಷ್ಟರಲ್ಲಿ ಸೋಡಿಯಂ ಅಸಿಟೇಟಿನ ರೀಡಿಂಗ್ ಮುಗಿಸಿಡಬೇಕೆಂದು ನಾನು ಹಟ ಹಿಡಿದೆ. ಹಟ ಬಿಟ್ಟರೆ ಅವರು ಬರುವುದೇ ಇಲ್ಲವೇನೋ ಎಂಬ ಹೆದರಿಕೆ ಒಳಗೊಳಗೇ ಇತ್ತು.

ಒಂದು ಮಧ್ಯಾಹ್ನ ಗೆರೆ ಮತ್ತೆ ಕುಣಿಯಿತು. ನಳಿಕೆಗೆ ಹೊಡೆದು ಹೊಡೆದು ಸಾಕಾಗಿ ಕೈಚೆಲ್ಲಿ ಕುಳಿತೆ. ಆಗ ಯಾರೂ ಮುಟ್ಟದ ಆ ನಳಿಕೆಯಿಂದಲೇ ಕೇಳಿಸಿತು. ಟಕ್ ಟಕ್. ಸ್ವಲ್ಪ ಬಿಟ್ಟು, ಟಕ್. ಗೆರೆ ನೆಟ್ಟಗಾಯಿತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ವಿಜಯಪುರದ ಸವಿತಾ ಕೈಯಲ್ಲಿದ್ದ ಬೀಕರನ್ನು ಕೆಳಗಿಟ್ಟಳು. "ಅಕ್ಕಾ, ಮೇಡಂ ಬಂದ್ರೇನ? ಅವ್ರ ಬಡದಂಗಾತಲ್ಲ!"

ಬಿಸಿಯಾದ ಲೋಹ ಸದ್ದು ಮಾಡುತ್ತದೆಂದು ನನಗೂ ಗೊತ್ತು. ಆದರೆ ಆ ಹೊತ್ತಿಗೆ ಉಷ್ಣತೆ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

ಸಂಜೆ ಲೋಕಲ್ ರೈಲಿನಲ್ಲಿದ್ದಾಗ ಮೇಡಂ ಮಗಳ ಫೋನು ಬಂತು. "ದೀದಿ, ಮಮ್ಮಿ ಉಠ್ ಗಯೀ!" ಎಂದು ಅಳುತ್ತಲೇ ನಗುತ್ತಿದ್ದಳು. ಮಧ್ಯಾಹ್ನ ಕಣ್ಣು ಬಿಟ್ಟರಂತೆ. ಮೊದಲು ಮಾಡಿದ ಕೆಲಸವೆಂದರೆ, ಕೈಯೆತ್ತಿ ಸಲೈನ್ ನಳಿಕೆಗೆ ಉಗುರಿನಿಂದ ಹೊಡೆದದ್ದಂತೆ. ಆ ನೂಕುನುಗ್ಗಲಿನಲ್ಲಿ ನಿಂತೇ ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಮೇಡಂ ಕೋಲೂರಿಕೊಂಡು ಕಾಲೇಜಿಗೆ ಬಂದ ದಿನ ಎಲ್ಲವನ್ನೂ ಹೇಳಹೊರಟೆ. "ಅದೆಲ್ಲ ಆಮೇಲೆ ಮಾರಾಯ್ತಿ, ಮೊದಲು ರೀಡಿಂಗ್ ತೋರಿಸು" ಎಂದರು. ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟು ಚಂದದ ಗೆರೆ ಯಾರು ತೆಗೆದದ್ದು?"