ಉಸಿರು ಉಳಿಸದ ಗುಂಡು

ಗುಂಡು ಅಂದರೆ ನಮ್ಮ ಕಡೆ ಎರಡರ್ಥ. ಒಂದನ್ನು ನಮ್ಮ ಮನೆಯಲ್ಲಿ ಯಾರೂ ಹಾಕುತ್ತಿರಲಿಲ್ಲ. ಇನ್ನೊಂದನ್ನು ಅಬ್ಬಾ ಹೊಡೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಮೈಸೂರಿನ ಹೊರಗಿನ ಹುರುಳಿ ಹೊಲಗಳ ಕಡೆ ಸ್ಕೂಟರಿನಲ್ಲಿ ಹೋಗಿ, ಹಳೇ ಏರ್‌ಗನ್ ಮಡಚಿ ಬಿಚ್ಚಿ, ಬೆಳವಕ್ಕಿಗೆ ಗುರಿ ಇಡುತ್ತಿದ್ದರು. ಆಗ ಯಾರೂ ಏನೂ ಕೇಳುತ್ತಿರಲಿಲ್ಲ. ಈಗ ಕೇಳುತ್ತಾರೆ, ಕೇಳಬೇಕಾದ್ದೇ.

ನನ್ನ ಕೆಲಸ ಓಡುವುದು. ಹಕ್ಕಿ ಬಿದ್ದ ಕೂಡಲೇ ಓಡಿಹೋಗಿ, ರೆಕ್ಕೆ ಮಡಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೂರಬೇಕು. ಅಬ್ಬಾ ಚಾಕು ಹಿಡಿದು ಹಿಂದೆಯೇ ಬಂದು, ಬಿಸ್ಮಿಲ್ಲಾ ಹೇಳಿ ಕತ್ತು ಕೊಯ್ಯುವವರೆಗೆ ಅದು ಜೀವಂತ ಇರಬೇಕು. ಮೊದಲೇ ಸತ್ತರೆ ಅದು ಹರಾಂ, ನಾಯಿಯ ಪಾಲು. ಹಾಗಾಗಿ ಅಬ್ಬಾ ಛರ್ರಾ ಆರಿಸುವಾಗ, ಏರ್‌ಗನ್ನಿನ ಸೀಸದ ಗುಂಡಿಗೆ ನಾವು ಹಾಗೆ ಅನ್ನುತ್ತಿದ್ದೆವು, ಹಗುರದ್ದು, ತಲೆ ಚಪ್ಪಟೆ ಇರುವುದನ್ನೇ ಆರಿಸುತ್ತಿದ್ದರು. ಒಳ್ಳೆಯ ಛರ್ರಾ ಹಕ್ಕಿಯನ್ನು ಬೀಳಿಸುತ್ತದೆ, ಉಸಿರು ತೆಗೆಯುವುದಿಲ್ಲ. ಗುಂಡಿನ ವಿಷಯದಲ್ಲಿ ನನಗಿದ್ದ ಜ್ಞಾನ ಪೂರ್ತಿ ಇಷ್ಟೇ. ಇಷ್ಟನ್ನೇ ಬಂಡವಾಳ ಮಾಡಿಕೊಂಡು ಅಮೆರಿಕದಲ್ಲಿ ಜಂಬ ಕೊಚ್ಚಿದೆ.

ನ್ಯೂಜೆರ್ಸಿಯ ಎಡಿಸನ್ನಿನ ಅಪಾರ್ಟ್‌ಮೆಂಟ್ ಬಿಟ್ಟು ನಾವು ಪಶ್ಚಿಮಕ್ಕೆ, ಜೋಳದ ಹೊಲಗಳು ಶುರುವಾಗುವ ಕಡೆ ಮನೆ ತೆಗೆದುಕೊಂಡಾಗ ಎಲ್ಲರೂ ನಕ್ಕರು. ಇಂಡಿಯನ್ ಅಂಗಡಿಗೆ ಹೋಗಬೇಕೆಂದರೆ ಅರ್ಧ ದಿನ ಬೇಕು. ನಾನು ಬಾಸ್ಕಿಂಗ್ ರಿಡ್ಜ್‌ಗೆ ಕಮ್ಯೂಟ್ ಮಾಡುತ್ತೇನೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನನ್ನ ಗಂಡ ಹುಬ್ಬಳ್ಳಿಯವರು. ಅವರ ಉರ್ದು ನನಗೆ ಹಿಡಿಸುವುದಿಲ್ಲ, ನನ್ನದು ಅವರಿಗೆ, ಆದ್ದರಿಂದ ಮನೆಯಲ್ಲಿ ಕನ್ನಡ. ಪಕ್ಕದ ಮನೆಯಲ್ಲಿ ಒಬ್ಬ ಅಮೆರಿಕನ್ ಹೆಂಗಸು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ನಾನು ಮನಸ್ಸಿನಲ್ಲಿ ಅವರನ್ನು ಅಜ್ಜಿ ಅನ್ನುತ್ತಿದ್ದೆ. ಬಾಯಿಬಿಟ್ಟು ಹಾಗಂದಿದ್ದರೆ ಅರ್ಥ ಕೇಳಿ ಸಿಟ್ಟಾಗುತ್ತಿದ್ದರೇನೋ.

ಅಜ್ಜಿಯ ಹಿತ್ತಲಲ್ಲಿ ಎತ್ತರದ ಕಂಬ, ಅದರ ತೋಳುಗಳಿಂದ ತೂಗುವ ಬಿಳಿ ಬಣ್ಣ ಬಳಿದ ಸೋರೆಬುರುಡೆಗಳು. ಪ್ರತಿ ಏಪ್ರಿಲ್‌ನಲ್ಲಿ ಬ್ರೆಜಿಲ್ ಕಡೆಯಿಂದ ಒಂದು ಜಾತಿಯ ದೊಡ್ಡ ಅಂಬರಗುಬ್ಬಿಗಳು ಬರುತ್ತವೆ, ಬಿಸಿಲಿಗೆ ನೇರಳೆಹಣ್ಣಿನ ಬಣ್ಣ. ಈ ಕಡೆ ಅವು ಮನುಷ್ಯರು ಕಟ್ಟಿಕೊಟ್ಟ ಗೂಡಿನಲ್ಲೇ ಮೊಟ್ಟೆ ಇಡುವುದು. ಮೊದಲು ಬುರುಡೆಗೊಂದು ಸಂಸಾರ ಇತ್ತಂತೆ. ಈಗ ಉಳಿದಿದ್ದು ಎರಡೇ ಜೋಡಿ. ಕಾರಣ ಸ್ಟಾರ್ಲಿಂಗ್. ಅದು ನಮ್ಮ ಗೊರವಂಕದ ದಾಯಾದಿ, ನಡಿಗೆ ಕೂಡ ಅದೇ ಪಾಳೇಗಾರನ ನಡಿಗೆ. ಬುರುಡೆಗೆ ನುಗ್ಗಿ ಮೊಟ್ಟೆ ಒಡೆದು, ಮರಿಗಳನ್ನು ಹೊರಗೆ ಎಸೆದು, ತಾನು ಸಂಸಾರ ಹೂಡುತ್ತದೆ.

“ಈ ವರ್ಷವೂ ಮರಿ ಹಾರದಿದ್ದರೆ ಮುಂದಿನ ವರ್ಷ ಅವು ಬರೋದಿಲ್ಲ,” ಅಂದರು ಅಜ್ಜಿ. ವರ್ಷಾನುಗಟ್ಟಲೆ ಸ್ಟಾರ್ಲಿಂಗ್‌ಗಳನ್ನು ಅವರೇ ಹೊಡೆದು ಹದ್ದುಬಸ್ತಿನಲ್ಲಿ ಇಟ್ಟಿದ್ದರು. ಈಗ ಕೈನಡುಕದ ಕಾಯಿಲೆ. ಕಾಫಿ ಕಪ್ಪನ್ನೇ ಎರಡು ಕೈಯಲ್ಲಿ ಹಿಡಿಯಬೇಕು. ಆ ಕೈ ನೋಡುತ್ತಾ ನನ್ನ ಬಾಯಿ ತಾನಾಗಿ ಅಂದುಬಿಟ್ಟಿತು, “ನಮ್ಮಪ್ಪ ದೊಡ್ಡ ಶಿಕಾರಿ. ನಾನು ಹೊಡೆದುಕೊಡ್ತೀನಿ.”

ನ್ಯೂಜೆರ್ಸಿಯಲ್ಲಿ ಏರ್‌ಗನ್ನೂ ಬಂದೂಕೇ. ಪೊಲೀಸರಿಂದ ಕಾರ್ಡ್ ಪಡೆಯಬೇಕು, ಬೆರಳಚ್ಚು ಕೊಡಬೇಕು. ಗಂಡ ಹೆದರಿ ಸುಸ್ತಾದರು. “ನಮ್ಮ ಹೆಸರ ನೋಡಿ ಏನ್ ತಿಳ್ಕೋತಾರೋ ಏನೋ. ಸುಮ್ಕ ಇರೂದ್ ಬಿಟ್ಟು ಇದ್ಯಾಕ್ ಬೇಕಾಗಿತ್ತ ನಿನಗ?” ಯಾರೂ ಏನೂ ತಿಳಿದುಕೊಳ್ಳಲಿಲ್ಲ. ಪಾತ್ರೆ ತಿಕ್ಕಿ ಸವೆದ ನನ್ನ ಬೆರಳು ಯಂತ್ರದಲ್ಲಿ ಮೂಡಲಿಲ್ಲ ಅನ್ನುವುದೊಂದೇ ತಕರಾರು. ಅದೂ ಮೂಡಿತು, ಕಾರ್ಡೂ ಬಂತು. ಗಂಡ ಮಾತ್ರ ಇನ್ನೊಂದು ಪ್ರಶ್ನೆ ಇಟ್ಟುಕೊಂಡಿದ್ದರು. “ತಿನ್ನಾಕ ಅಲ್ಲಂದ್ರ ಹೊಡಿಯೂದ್ ಯಾಕ?”

ಗುಂಡು ತರಲು ಅಂಗಡಿಗೆ ಹೋದೆ.

ಅಂಗಡಿಯಲ್ಲಿ ಒಂದು ಗೋಡೆ ತುಂಬ ಪುಟ್ಟ ತಗಡಿನ ಡಬ್ಬಿಗಳು. ಚಪ್ಪಟೆ ತಲೆ, ಚೂಪು ತಲೆ, ತಲೆಯಲ್ಲಿ ತೂತು, ಗುಮ್ಮಟದ ಹಾಗೆ ದುಂಡು ತಲೆ. ಎಲ್ಲದಕ್ಕೂ ಸಣ್ಣ ಸೊಂಟ, ಕೆಳಗೆ ಲಂಗ. ಅಂಗಡಿಯವನು ಎಷ್ಟು ಗ್ರೇನಿನದು ಬೇಕು ಅಂದ. ಈ ದೇಶದಲ್ಲಿ ಏಳು ಧಾನ್ಯ, ಹನ್ನೆರಡು ಧಾನ್ಯ ಎಂದು ಗ್ರೇನ್ ಎಣಿಸಿ ಕೊಳ್ಳುವುದು ಬ್ರೆಡ್ಡನ್ನು ಮಾತ್ರ ಎಂದುಕೊಂಡಿದ್ದೆ. ಅದು ಗುಂಡಿನ ತೂಕವಂತೆ. ಯಾವ ಹಕ್ಕಿ, ಎಷ್ಟು ದೂರ, ಬಂದೂಕು ಯಾವುದು, ಗಾಳಿ ಇರುತ್ತದಾ? ಅವನು ಕೇಳುತ್ತಾ ಹೋದ ಹಾಗೆ ನನ್ನ ತಲೆ ಮೊಸರು ಗಡಿಗೆಯಾಯಿತು. ತೂತಿನ ತಲೆಯದು ಒಳಗೆ ಹೋಗಿ ಅರಳುತ್ತದೆ ಅಂದ, ಚೂಪಿನದು ಆಳಕ್ಕೆ ಹೋಗುತ್ತದೆ ಅಂದ. ಅಷ್ಟರಲ್ಲಿ ಕಣ್ಣಿಗೆ ಚಪ್ಪಟೆ ತಲೆಯ ಹಗುರದ ಛರ್ರಾ ಬಿತ್ತು. ಜಾತ್ರೆಯಲ್ಲಿ ಕಳೆದುಹೋದ ಮಗುವಿಗೆ ಗುರುತಿನವರು ಕಂಡ ಹಾಗಾಯಿತು. ಅದನ್ನೇ ಕೊಂಡೆ. “ಅದು ಕಾಗದದ ಗುರಿಗೆ, ಮ್ಯಾಮ್,” ಅಂದ ಅವನು. ನನಗೆ ಗೊತ್ತು ಅನ್ನುವ ಹಾಗೆ ನಕ್ಕೆ.

ಕಂಬದಿಂದ ಪಕ್ಕಕ್ಕೆ, ದೂರದಲ್ಲಿ ಒಂದು ಮಣ್ಣಿನ ದಿಬ್ಬ, ಅದರ ಮುಂದೆ ಒಣಗಿದ ಮರದ ಮೋಟು. ಸ್ಟಾರ್ಲಿಂಗ್ ಬುರುಡೆಗೆ ಹಾರುವ ಮೊದಲು ಆ ಮೋಟಿನ ಮೇಲೆ ಕೂತು ಪರಿಶೀಲನೆ ಮಾಡುತ್ತದೆ. ಹೊಡೆಯುವುದಿದ್ದರೆ ಅಲ್ಲೇ, ತಪ್ಪಿದ ಗುಂಡು ಮಣ್ಣಿಗೆ ಹೋಗುತ್ತದೆ. ಆದರೆ ಅಜ್ಜಿಯ ಮನೆಯ ಜಗಲಿ ಇಳಿದು ಒಂದು ಹೆಜ್ಜೆ ಮುಂದಿಟ್ಟರೂ ಅದು ಹಾರಿಹೋಗುತ್ತದೆ, ಆದ್ದರಿಂದ ಜಗಲಿಯಿಂದಲೇ, ಐವತ್ತು ಗಜದಾಚೆಗೆ ಹೊಡೆಯಬೇಕು. ಬಂದೂಕು ಅಜ್ಜಿಯದು, ದುರ್ಬೀನು ಕೂರಿಸಿದ್ದು. ಅವರು ಪಕ್ಕದ ಕುರ್ಚಿಯಲ್ಲಿ.

ಮೊದಲ ಗುಂಡಿಗೇ ಹಕ್ಕಿ ಬಿತ್ತು. ಬಿದ್ದು ಹುಲ್ಲಿನಲ್ಲಿ ಪಟಪಟ ರೆಕ್ಕೆ ಬಡಿಯಿತು. ನಾನು ಬಂದೂಕು ಕೆಳಗಿಟ್ಟು ಓಡಿದೆ. ಈ ವಯಸ್ಸಿನಲ್ಲಿ, ಈ ಮಂಡಿಯಲ್ಲಿ, ಚಪ್ಪಲಿ ಒಂದು ಕಡೆ ಬಿಟ್ಟು ಓಡಿದೆ. ರೆಕ್ಕೆ ಮಡಿಸಿ, ಎರಡೂ ಕೈಯಲ್ಲಿ ಹಿಡಿದು, ಹಿಂದೆ ತಿರುಗಿ ನೋಡಿದೆ. ಚಾಕು ಹಿಡಿದು ಬರುವವರು ಯಾರೂ ಇರಲಿಲ್ಲ.

“ಫಿನಿಶ್ ಇಟ್!” ಅಜ್ಜಿ ಜಗಲಿಯಿಂದ ಕೂಗಿದರು. “ಏನು ಮಾಡ್ತಾ ಇದೀಯ?”

ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಎಸೆಯುವ ಹಕ್ಕಿಗೆ ಬಿಸ್ಮಿಲ್ಲಾ ಹೇಳುವುದಾ? ಹೇಳದೆ ಕೊಲ್ಲುವುದಾ? ಕತ್ತು ತಿರುವುವುದು ನಾನು ಕಲಿತ ವಿದ್ಯೆಯಲ್ಲ. ಅಂಗೈಯಲ್ಲಿ ಅದರ ಎದೆ ಬಡಿದುಕೊಳ್ಳುತ್ತಿತ್ತು, ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಅಜ್ಜಿ ಕೋಲೂರಿಕೊಂಡು ಬಂದು ಹಕ್ಕಿಯನ್ನು ಕಿತ್ತುಕೊಂಡರು. ಅವರಿಗೂ ಆಗಲಿಲ್ಲ. ನಡುಗುವ ಬೆರಳಿಗೆ ಕತ್ತು ಸಿಗಲಿಲ್ಲ. ಇಬ್ಬರು ಹೆಂಗಸರ ನಾಲ್ಕು ಕೈಯ ನಡುವೆ ಅದು ತಾನೇ ಸಾಯುವವರೆಗೆ ನಾವು ನಿಂತಿದ್ದೆವು.

ಅಜ್ಜಿ ಡಬ್ಬಿ ತೆಗೆದು ನೋಡಿ, “ಇದನ್ನು ಯಾಕೆ ತಂದೆ?” ಅಂದರು. ಅಬ್ಬಾನ ವಿಷಯ, ಉಸಿರಿನ ವಿಷಯ ಹೇಳಿದೆ. ಅವರು ಡಬ್ಬಿ ಮುಚ್ಚಿ ನನಗೆ ವಾಪಸ್ ಕೊಟ್ಟರು. “ನಿಮ್ಮಪ್ಪ ಅದನ್ನು ತಿಂತಿದ್ದ. ನಾನು ತಿನ್ನಲ್ಲ. ಹಾಗಾಗಿ ನಾನು ಅದಕ್ಕೆ ಕೊಡಬಹುದಾದದ್ದು ಒಂದೇ, ಗೊತ್ತೇ ಆಗದ ಹಾಗೆ ಸಾಯೋದು,” ಅಂದರು. ಎರಡೂ ನ್ಯಾಯ ಅನಿಸಿತು. ಎರಡೂ ನ್ಯಾಯ ಅನಿಸಿದ ಮೇಲೆ ತಲೆ ಇನ್ನಷ್ಟು ಕೆಟ್ಟಿತು.

ಆಮೇಲೆ ನನಗೆ ಗೊತ್ತಿರುವ ಕೆಲಸ ಶುರುವಾಯಿತು, ಟೆಸ್ಟಿಂಗ್. ಮತ್ತೆ ಅಂಗಡಿಗೆ ಹೋಗಿ ಎಲ್ಲ ಜಾತಿಯದೂ ಒಂದೊಂದು ಡಬ್ಬಿ ತಂದೆ. ಬಾಸ್ಮತಿ ಅಕ್ಕಿಯ ಖಾಲಿ ಚೀಲಕ್ಕೆ ಮರಳು ತುಂಬಿ, ಜಗಲಿಯ ಕಟಕಟೆಯ ಮೇಲಿಟ್ಟು, ಅದರ ಮೇಲೆ ಬಂದೂಕು ಕೂರಿಸಿದೆ. ದಿಬ್ಬಕ್ಕೆ ಪೇಪರ್ ಪ್ಲೇಟ್ ಒರಗಿಸಿದೆ. ಪ್ರತಿ ಜಾತಿಯ ಗುಂಡಿಗೂ ಒಂದು ಪ್ಲೇಟ್. ಚಪ್ಪಟೆ ತಲೆಯದು ಹತ್ತಿರಕ್ಕೆ ಚೆನ್ನ, ದೂರಕ್ಕೆ ಹೋದರೆ ಗಾಳಿ ಎಳೆದ ಕಡೆ ಹೋಗುತ್ತದೆ, ಪ್ಲೇಟಿಗೆ ಸಿಡುಬು ಎದ್ದ ಹಾಗೆ ತೂತು. ಮೊದಲ ದಿನ ಹಕ್ಕಿಗೆ ತಗುಲಿದ್ದೇ ಅದೃಷ್ಟ, ಅಥವಾ ದುರದೃಷ್ಟ. ಚೂಪಿನದು ತನಗಿಷ್ಟ ಬಂದ ಹಾಗೆ. ತೂತಿನ ತಲೆಯದು ಪರವಾಗಿಲ್ಲ ಅನ್ನುವಷ್ಟು. ದುಂಡು ತಲೆಯ ಹಗುರದ್ದು ಗಾಳಿಯಿಲ್ಲದಾಗ ಸರಿ. ದುಂಡು ತಲೆಯ ಭಾರದ್ದು ಗುರಿಗಿಂತ ಕೆಳಗೆ ಬೀಳುತ್ತಿತ್ತು, ಆದರೆ ಪ್ರತಿಸಲ ಅಷ್ಟೇ ಕೆಳಗೆ, ಒಂದರ ಪಕ್ಕ ಒಂದು. ದುರ್ಬೀನಿನ ತಿರುಪನ್ನು ಅಷ್ಟು ತಿರುಗಿಸಿದರೆ ಮುಗಿಯಿತು. ಎಲ್ಲ ಬಂದೂಕಿಗೂ ಇದೇ ಆಗುತ್ತದೆ ಅಂತಲ್ಲ, ಒಂದೊಂದು ನಳಿಗೆಗೆ ಒಂದೊಂದು ಬಾಯಿರುಚಿ, ಹೊಡೆದು ನೋಡದೆ ಗೊತ್ತಾಗುವುದಿಲ್ಲ ಅಂದರು ಅಜ್ಜಿ. ಡಬ್ಬಿಯಿಂದ ಒಂದೊಂದನ್ನೇ ತೆಗೆದು, ಲಂಗ ನಜ್ಜಾಗಿದ್ದವನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಎಸೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಆ ದಿನಗಳು ಬಹಳ ಖುಷಿಯಾಗಿದ್ದವು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎಲೆಯೂ ಅಲುಗದಷ್ಟು ಗಾಳಿ ನಿಂತಿತ್ತು. ಮೋಟಿನ ಮೇಲೆ ಸ್ಟಾರ್ಲಿಂಗ್ ಕೂತಿತು. ಭಾರದ ದುಂಡು ತಲೆಯದನ್ನು ಹಾಕಿ ಹೊಡೆದೆ. ಹಕ್ಕಿ ಕೂತಲ್ಲಿಂದ ಜಾರಿ ಬಿತ್ತು, ಒಂದು ಪುಕ್ಕವೂ ಅಲುಗಲಿಲ್ಲ. “ಕ್ಲೀನ್!” ಎಂದು ಅಜ್ಜಿ ಕುರ್ಚಿಯ ತೋಳು ಬಡಿದರು. ನನಗೂ ಹೆಮ್ಮೆಯಾಯಿತು. ಓಡುವಂಥದ್ದು ಏನೂ ಇರಲಿಲ್ಲ, ನಡೆದುಕೊಂಡು ಹೋದೆ.

ಆಮೇಲೆ ಹಗ್ಗ ಸಡಿಲಿಸಿ ಬುರುಡೆಗಳನ್ನು ಕೆಳಗಿಳಿಸಿದೆವು. ಒಂದರೊಳಗೆ ಕಸಕಡ್ಡಿ, ಮಧ್ಯೆ ಸ್ಟಾರ್ಲಿಂಗ್ ಮರಿಗಳು. ನನ್ನ ನೆರಳು ಬಿದ್ದದ್ದೇ ತಡ, ಎಲ್ಲವೂ ಹಳದಿ ಬಾಯಿ ತೆರೆದವು. ನಾನು ಹೊಡೆದದ್ದು ಅವುಗಳ ತಾಯಿಯೋ, ಬೇರೆ ಯಾವುದೋ, ಹೇಳುವುದು ಹೇಗೆ? “ಎಲ್ಲ ಹೊರಗೆ. ಸಂಜೆಯೊಳಗೆ ಆ ಗೂಡು ನನ್ನ ಹಕ್ಕಿಗೆ ಬೇಕು,” ಅಂದರು ಅಜ್ಜಿ. ಹೊರಗೆ ಅಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗೂಡನ್ನು ಇಡಿಯಾಗಿ ದುಪಟ್ಟಾದಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಗಂಡ ಗಂಟು ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡರು. “ಆ ಕಡೆ ಹೊಡೀತಿ, ಈ ಕಡೆ ಸಾಕ್ತಿ. ನಿನಗ ಬೇಕಾದ್ದರ ಏನು?”

“ಗೊತ್ತಿಲ್ಲ ರೀ,” ಅಂದೆ.

ನಾನು ಆಫೀಸಿಗೆ ಹೋದರೆ ಮರಿಗಳ ಪಾಲಿಗೆ ಮನೆಯಿಂದ ಕೆಲಸ ಮಾಡುವ ಅವರೇ. ಮೀಟಿಂಗಿನ ನಡುವೆ ಎದ್ದು ಬೇಯಿಸಿದ ಮೊಟ್ಟೆ, ನೆನೆಸಿದ ಬೆಕ್ಕಿನ ಬಿಸ್ಕತ್ತು ಕಲಸಿ ಚಿಮಟದಲ್ಲಿ ತಿನ್ನಿಸುತ್ತಿದ್ದರು. ಒಂದು ಬಿಟ್ಟು ಉಳಿದವು ವಾರದೊಳಗೆ ಸತ್ತವು. ಆ ಒಂದು ಅವರ ಹೆಗಲೇರಿತು. ಕಂಪ್ಯೂಟರಿನ ಮೇಲೆ ಹೇತಿತು. ಒಂದು ದಿನ ಡೆಕ್ಕಿನಿಂದ, ಅಂದರೆ ನಮ್ಮ ಹಿತ್ತಲ ಕಡೆಯ ಮರದ ಜಗಲಿಯಿಂದ, ಹಾರಿಹೋಯಿತು. ಹೋದದ್ದು ಹಾಗೇ ಹೋಗಲಿಲ್ಲ. ಬೆಳಿಗ್ಗೆ ಅವರು ಡೆಕ್ಕಿನ ಮೇಲೆ ತಟ್ಟೆಯಲ್ಲಿ ಮೊಟ್ಟೆ ಪುಡಿ ಇಟ್ಟರೆ ಒಂದು ಸ್ಟಾರ್ಲಿಂಗ್ ತಪ್ಪದೆ ಬರುತ್ತಿತ್ತು. ಚಳಿಗಾಲ ಪೂರ್ತಿ ಬಂತು, ಸ್ನೋ ಬಿದ್ದ ದಿನವೂ ಬಂತು. ಅದೇ ಅದು ಅನ್ನುವುದಕ್ಕೆ ಯಾವ ಗುರುತೂ ಇರಲಿಲ್ಲ. ಅವರಿಗೆ ಮಾತ್ರ ಅನುಮಾನವೇ ಇರಲಿಲ್ಲ.

ಅಜ್ಜಿಯ ಅಂಬರಗುಬ್ಬಿಗಳು ಆ ವರ್ಷ ಮರಿ ಹಾರಿಸಿಕೊಂಡು ಹೋದವು. ಈ ಏಪ್ರಿಲ್‌ನಲ್ಲಿ ವಾಪಸ್ ಬಂದವು, ಜೋಡಿಗಳು ಹೆಚ್ಚಾಗಿವೆ. ಅಜ್ಜಿ ನನಗೆ ಫೋನ್ ಮಾಡಿ ಅದನ್ನು ಹೇಳುತ್ತಾ ಅತ್ತರು. ಅವರ ಕೈ ಈಗ ಇನ್ನೂ ಕೆಟ್ಟಿದೆ.

ಹೋದ ಶನಿವಾರ ಮೋಟಿನ ಮೇಲೆ ಸ್ಟಾರ್ಲಿಂಗ್ ಬಂದು ಕೂತಿತು. ದುರ್ಬೀನಿನಲ್ಲಿ ಅದರ ಹೊಳಪು, ಚುಕ್ಕೆ, ಕೊಕ್ಕು ಎಲ್ಲ ಕಂಡಿತು. ಎಲ್ಲ ಸ್ಟಾರ್ಲಿಂಗ್‌ಗೂ ಅದೇ ಹೊಳಪು, ಅದೇ ಚುಕ್ಕೆ, ಅದೇ ಕೊಕ್ಕು. ಬೆರಳು ಮಿಸುಕಲಿಲ್ಲ.

“ಏನಕ್ಕೆ ಕಾಯ್ತಾ ಇದೀಯ?” ಅಂದರು ಅಜ್ಜಿ.

“ಗಾಳಿ ಇದೆ,” ಅಂದೆ. ಎಲ್ಲೂ ಗಾಳಿ ಇರಲಿಲ್ಲ.

ಸ್ಟಾರ್ಲಿಂಗ್ ಹಾರಿ ಬುರುಡೆಯ ಬಾಯಲ್ಲಿ ಕೂತು ಒಳಗೆ ಇಣುಕಿ ಮತ್ತೆ ಮೋಟಿಗೆ ಬಂತು. ಅಂಬರಗುಬ್ಬಿಗಳು ಸುತ್ತ ಹಾರಾಡಿ ಕಿರುಚುತ್ತಿದ್ದವು. “ಕೊಡು ಇಲ್ಲಿ,” ಎಂದು ಅಜ್ಜಿ ಬಂದೂಕಿಗೆ ಕೈ ಚಾಚಿದರು. ಆ ಕೈ ನೋಡಿದೆ. ಅದರಲ್ಲಿ ಬಂದೂಕು ಕೊಟ್ಟರೆ ಗುಂಡು ಯಾವ ಹಕ್ಕಿಗೆ ಹೋಗುತ್ತದೋ, ಎಲ್ಲಿ ತಗುಲಿ ಎಷ್ಟು ಹೊತ್ತು ಒದ್ದಾಡಿಸುತ್ತದೋ ಯಾರಿಗೆ ಗೊತ್ತು. ನಾನೇ ಹೊಡೆದೆ. ಭಾರದ ಗುಂಡು ತಪ್ಪಲಿಲ್ಲ.

ಮಾರನೇ ದಿನ ಭಾನುವಾರ. ನಾನು ಎದ್ದು ಬರುವಷ್ಟರಲ್ಲಿ ಗಂಡ ಡೆಕ್ಕಿನ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ಮೊಟ್ಟೆ ಪುಡಿ ಹಾಗೇ ಇತ್ತು.

“ಇವತ್ತ ಇನ್ನೂ ಬಂದಿಲ್ಲ ನೋಡ,” ಅಂದರು.

ನಾನು ಹೋಗಿ ನನ್ನ ಚಹಾ ಬಗ್ಗಿಸಿಕೊಂಡೆ.

“ಬರ್ತದ ಬಿಡು. ಇನ್ನೂ ಟೈಮ್ ಐತಿ,” ಎಂದು ಅವರೇ ಹೇಳಿ, ತಟ್ಟೆಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿದರು.