ಎಕ್ಕದ ಜೋಡಿಗೆ ನೂರಕ್ಕೆಷ್ಟು

ನಮ್ಮಪ್ಪ ದರ್ಜಿ. ಮಧ್ಯಾಹ್ನದ ಊಟವಾದ ಮೇಲೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪಕ್ಕದ ಅಂಗಡಿಯ ಕ್ಷೌರಿಕನ ಜೊತೆ ಪೋಕರ್ ಆಡುತ್ತಿದ್ದ. ಪಣಕ್ಕೆ ಕೋಟಿನ ಗುಂಡಿಗಳು. ಇಬ್ಬರಿಗೂ ಎರಡೆರಡು ಎಲೆ. ಆಮೇಲೆ ನಡುವೆ ಇಬ್ಬರಿಗೂ ಸೇರಿದ ಐದು. ಆ ಐದು ಬೀಳುವ ಮೊದಲೇ ಇಬ್ಬರ ಎಲೆಗಳನ್ನೂ ಬಿಚ್ಚಿಸಿ, ಯಾರು ನೂರಕ್ಕೆ ಎಷ್ಟು ಸಲ ಗೆಲ್ಲಬಹುದು ಅಂತ ಸೀಮೆಸುಣ್ಣದಲ್ಲಿ ಬರೆಯದಿದ್ದರೆ ಅಪ್ಪನಿಗೆ ತಿಂದದ್ದು ಅರಗುತ್ತಿರಲಿಲ್ಲ.

“ಎಕ್ಕದ ಜೋಡಿಗೆ ಎದುರು ರಾಜನ ಜೋಡಿ. ಎಕ್ಕಕ್ಕೆ ಎಂಬತ್ತೆರಡು.”

“ಎಂಬತ್ತು ಅನ್ನು ಮಾರಾಯ,” ಎಂದು ಕ್ಷೌರಿಕ ಅಂದರೆ ಅಪ್ಪ ಜಗಳಕ್ಕೇ ನಿಲ್ಲುತ್ತಿದ್ದ. “ಇನ್ನೆರಡು ಏನು ನಿಮ್ಮಪ್ಪ ತಂದುಕೊಡ್ತಾನಾ?”

ಅಮ್ಮನ ಹೃದಯದ ಕವಾಟ ಕೆಟ್ಟಿತು. ಆಪರೇಷನ್ ಆದರೆ ನೂರರಲ್ಲಿ ಎಂಬತ್ತು ಜನ ಉಳಿಯುತ್ತಾರೆ ಎಂದರು ಡಾಕ್ಟರು. ನನಗೆ ಹೋದ ಜೀವ ಬಂದಂತಾಯಿತು. ಅಪ್ಪನ ಮುಖ ಬಿಳುಚಿಕೊಂಡಿತು.

“ಎಂಬತ್ತು ಕಣಪ್ಪಾ! ಕಡಿಮೆಯೇನು?”

“ಎಕ್ಕದ ಜೋಡಿ ಕೈಯಲ್ಲಿ ಹಿಡ್ಕೊಂಡು ನಾನು ಎಷ್ಟು ಸಲ ಸೋತಿದೀನಿ, ನಿಂಗೇನು ಗೊತ್ತು?”

ಅಂದಿನಿಂದ ಹೊಲಿಗೆ ಮೂಲೆಗೆ ಬಿತ್ತು. ಒಂದು ಕಡೆ ಎಕ್ಕದ ಜೋಡಿ, ಇನ್ನೊಂದು ಕಡೆ ರಾಜನ ಜೋಡಿ ಇಟ್ಟು, ಒಬ್ಬನೇ ಕೂತು ಐದೈದು ಎಲೆ ಹಾಕುವುದೇ ಕೆಲಸ. ನೂರು ಸಲ ಹಾಕಿದಾಗ ರಾಜರು ಇಪ್ಪತ್ತಾರು ಸಲ ಗೆದ್ದರು. ಅಪ್ಪ ಮತ್ತೆ ಮೊದಲಿಂದ ಶುರು ಮಾಡಿದ. ನನಗೆ ರೇಗಿಹೋಯಿತು.

“ಸಾಕು ನಿಲ್ಸು! ಅಮ್ಮ ಏನು ಇಸ್ಪೀಟಿನ ಎಲೇನಾ?” ಎಂದು ಎಲೆಗಳನ್ನೆಲ್ಲ ಕಿತ್ತೆಸೆದೆ. ಅಪ್ಪ ಬಗ್ಗಿ ಒಂದೊಂದಾಗಿ ಆರಿಸಿಕೊಂಡ. ಯಾಕಾದರೂ ಬೈದೆನೋ ಅನಿಸಿತು.

ಆಪರೇಷನ್ ದಿನ ಬೆಳಿಗ್ಗೆ ಅಮ್ಮನನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಒಳಗೆ ಒಯ್ಯುತ್ತಿದ್ದರು. ಡಾಕ್ಟರು ಹೇಳಿದ ಲೆಕ್ಕವನ್ನು ನಾವು ಅವಳಿಗೆ ಹೇಳಿರಲಿಲ್ಲ.

“ಏನ್ರೀ, ಡಾಕ್ಟರು ನೂರಕ್ಕೆ ಎಷ್ಟು ಅಂದ್ರು?”

“ನೂರಕ್ಕೆ ನೂರು ಕಣೇ,” ಎಂದ ಅಪ್ಪ.

ಅಮ್ಮ ಅವನನ್ನೇ ನೋಡಿದಳು. ಅಪ್ಪ ಹೊಲಿದ ಅಂಗಿಗಳಿಗೆ ಮೂವತ್ತು ವರ್ಷ ಕಾಜಾ ಮಾಡಿದವಳು ಅವಳು. “ನಿಮ್ಮ ಬಾಯಲ್ಲಿ ನೂರು ಅಂತ ನಾನು ಒಂದಿನಾನೂ ಕೇಳಿಲ್ಲ. ಅಷ್ಟೊಂದು ಭಯ ಆಗಿದೆಯೇನ್ರೀ?”

ಅಪ್ಪ ಅವಳ ಹೊದಿಕೆಯ ಅಂಚು ಸರಿಮಾಡಿದ. “ಎಂಬತ್ತು.”

“ಹಾಂ, ಇದು ನಿಮ್ಮ ಮಾತು. ಎಂಬತ್ತು ಬೇಕಾದಷ್ಟಾಯ್ತು ಬಿಡಿ,” ಎಂದು ಅವನ ಕೈ ತಟ್ಟಿದಳು. ಗಾಡಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಅಪ್ಪ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. “ಮಗಳೇ, ನೀನಾದ್ರೂ ನೂರು ಅನ್ನೇ.”

“ನೂರಪ್ಪಾ,” ಎಂದೆ. “ನೂರಕ್ಕೆ ನೂರು.”