ಅಕ್ಷರದ ಬೆನ್ನಿಗೆ ವಿಭೂತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ವೈನಿಯ ಅಂಗಡಿಯ ಹೆಸರನ್ನು ನೆಲಕ್ಕೆ ಉದುರಿಸಿದವನು ನಾನೇ. ನಿನ್ನೆ ಅವರು ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದಾಗ ಆ ಆಸ್ಪತ್ರೆಯಂಥ ವಾಸನೆ ಮೂಗಿಗೆ ಬಡಿದು, ಹಳೆಯದೆಲ್ಲ ಎದ್ದು ಕೂತಿತು.

ವೈನಿ ಎಂದರೆ ನಮ್ಮಣ್ಣನ ಹೆಂಡತಿ. ನವನಗರದಲ್ಲಿ ಹೊಲಿಗೆ ಅಂಗಡಿ ತೆರೆಯಬೇಕೆಂಬುದು ಅವರ ಮದುವೆಗೂ ಮುಂಚಿನ ಆಸೆ. ನಾಳೆ ಬೆಳಿಗ್ಗೆ ಪೂಜೆ ಎನ್ನುವಾಗ, ಸ್ಟೀಲ್ ತಗಡಿನ ಮೇಲೆ ಪ್ಲಾಸ್ಟಿಕ್ ಅಕ್ಷರ ಅಂಟಿಸುವ ಕೆಲಸವನ್ನು ನನಗೆ ವಹಿಸಿದರು. ನನಗಿದ್ದ ವಿದ್ಯೆ ಒಂದೇ, ಎಲ್ಲರ ದನಿಯನ್ನು ಅಣಕಿಸುವುದು. ಅದಕ್ಕೆ ಎಂದೂ ಅಂಟು ಬೇಕಾಗಿರಲಿಲ್ಲ. ಅಕ್ಷರಗಳ ಬೆನ್ನನ್ನು ಪಾಲೀಶ್ ಪೇಪರಿನಿಂದ ಹೊಳಪು ಹೋಗುವತನಕ ತಿಕ್ಕಿ, ತಗಡನ್ನೂ ತಿಕ್ಕಿ, ಎರಡನ್ನೂ ಸ್ಪಿರಿಟ್ ಹಾಕಿ ವೈನಿಯೇ ಒರೆಸಿಟ್ಟಿದ್ದರು. ನುಣುಪಿನ ಮೇಲೆ ಅಂಟು ಹಿಡಿಯುವುದಿಲ್ಲವಂತೆ.

“ಬೆನ್ನಿಗೆ ಬೆರಳು ಹಚ್ಚಬ್ಯಾಡ, ತಮ್ಮಾ. ಬೆರಳಾಗ ಎಣ್ಣಿ ಇರತೈತಿ,” ಎಂದು ಹೇಳಿ ಒಳಗೆ ಹೋದರು. ಅವರ ದನಿಯಲ್ಲೇ ಅದನ್ನು ಇನ್ನೊಮ್ಮೆ ಹೇಳಿಕೊಂಡೆ.

ಪಕ್ಕದಲ್ಲಿ ಪೂಜೆಯ ತಟ್ಟೆ ಇತ್ತು. ನೋಡಿದ ಕೂಡಲೇ ನಮ್ಮ ಕಾಕಾ ನೆನಪಾದರು. ಮನೆಗೆ ಹೊಸದೇನೇ ಬರಲಿ, ಫ್ರಿಜ್ಜಾಗಲಿ ಫ್ಯಾನಾಗಲಿ, ಕಣ್ಣು ಮುಚ್ಚಿ ಮೂರು ಬೆರಳಿನಿಂದ ವಿಭೂತಿ ಎಳೆಯುವವರು. ಅವರಂತೆಯೇ ಗಂಟಲು ಸರಿಮಾಡಿಕೊಂಡು, ಒಂದೊಂದು ಅಕ್ಷರದ ಬೆನ್ನಿಗೂ ವಿಭೂತಿ ಎಳೆದು, ಅಂಟು ಹಚ್ಚಿ, ತಗಡಿಗೆ ಒತ್ತಿದೆ. ನೋಡಲು ಯಾರೂ ಇರಲಿಲ್ಲ. ನನ್ನ ಆಟಕ್ಕೆ ನಾನೇ ನಕ್ಕೆ.

ಸಂಜೆ ಬೋರ್ಡು ಎತ್ತಿ ನಿಲ್ಲಿಸಿದೊಡನೆ ಅಕ್ಷರಗಳು ಒಂದರ ಹಿಂದೊಂದು ಉದುರಿದವು. ಅಂಟೆಲ್ಲ ತಗಡಿನಲ್ಲೇ ಉಳಿದಿತ್ತು. ಅದರ ಮೇಲೆ ಮೂರು ಮೂರು ಬಿಳಿ ಗೆರೆ. ವೈನಿ ಗೆರೆ ನೋಡಿದರು, ನನ್ನ ಬೆರಳು ನೋಡಿದರು. ಅಂಟು ಕೆರೆದು, ಮತ್ತೆ ತಿಕ್ಕಿ, ಮತ್ತೆ ಒರೆಸಿ, ಅಕ್ಷರಗಳನ್ನು ಅಂಚಿನಲ್ಲಷ್ಟೇ ಹಿಡಿದು ಕೂರಿಸಿದರು. ಬಾಟಲಿ ಹಿಡಿದು ನಿಲ್ಲುವುದು ನನ್ನ ಪಾಲಿಗೆ ಬಂತು. ಮರುದಿನ ಪೂಜೆಯ ಹೊತ್ತಿಗೆ ಹೆಸರು ತನ್ನ ಜಾಗದಲ್ಲಿತ್ತು. ಕಾಕಾ ಬಂದು ಅದರ ಮುಖಕ್ಕೆ ವಿಭೂತಿ ಎಳೆದರು. ಏನೂ ಬೀಳಲಿಲ್ಲ.

ಈಗ ವೈನಿ ಹೊಲಿಗೆ ಕಲಿಸುವುದನ್ನೂ ಶುರು ಮಾಡಿದ್ದಾರೆ. ನಿನ್ನೆ ಬೋರ್ಡಿಗೆ ಇನ್ನೊಂದು ಸಾಲು ಸೇರಿಸುವುದಿತ್ತು. ಈ ಸಲ ನಾನೇ ತಿಕ್ಕಿದೆ, ನಾನೇ ಒರೆಸಿದೆ, ಬೆನ್ನಿಗೆ ಉಸಿರೂ ತಾಗದಂತೆ ಹಿಡಿದೆ. ಕೈ ಸುಧಾರಿಸಿದೆ, ಬಾಯಿ ಇಲ್ಲ. ಕೆಲಸದುದ್ದಕ್ಕೂ ಕಾಕಾರ ದನಿಯಲ್ಲಿ ಅಂಟಿಗೆ ಆಶೀರ್ವಾದ ಮಾಡುತ್ತಲೇ ಇದ್ದೆ. ವೈನಿ ಮಷಿನ್ನಿನಿಂದ ತಲೆ ಎತ್ತದೆ ಹೇಳಿದರು:

“ನಿನ್ನ ತುಟಿಗೆ ಯಾರು ವಿಭೂತಿ ಹಚ್ಚ್ಯಾರೋ ತಮ್ಮಾ? ಒಂದಕ್ಕೊಂದು ಅಂಟವಲ್ಲವು.”